ಕ್ಷ-ಕಿರಣ ಕೊಠಡಿಯ ಮುಂದಣ ಸಾಲು

ಆಸ್ಪತ್ರೆಯೊಂದರ ಕ್ಷ-ಕಿರಣ ಯಂತ್ರವು ಗಂಟೆಗೆ ಹತ್ತು ಮಂದಿಯ ಚಿತ್ರ ತೆಗೆಯಬಲ್ಲುದೆಂದೂ, ಬರುವ ರೋಗಿಗಳು ಗಂಟೆಗೆ ಸರಾಸರಿ ಒಂಬತ್ತೇ ಮಂದಿಯೆಂದೂ ಭಾವಿಸೋಣ. ಹೀಗಿದ್ದೂ ಹೊರಗಿನ ಬೆಂಚುಗಳು ತುಂಬಿರುವುವು. ಸಿಬ್ಬಂದಿಯ ಆಲಸ್ಯವೇ ಕಾರಣವೆಂದು ಕಾದವರು ಗೊಣಗುವುದುಂಟು. ಎಲ್ಲರೂ ಶ್ರದ್ಧೆಯಿಂದ ದುಡಿದರೂ ಸಾಲು ಬೆಳೆಯುವುದೆಂಬುದು ಅವರಿಗೆ ತಿಳಿಯದು.

ರೋಗಿಗಳು ಸಮನಾದ ಅಂತರದಲ್ಲಿ ಬರುವುದಿಲ್ಲ. ಒಮ್ಮೆ ನಾಲ್ವರು ಒಟ್ಟಿಗೆ ಬರುವರು. ಮತ್ತೊಮ್ಮೆ ಕಾಲು ಗಂಟೆ ಯಾರೂ ಸುಳಿಯರು. ಅಂಗೈಯ ಚಿತ್ರ ಬೇಗನೆ ಮುಗಿದರೆ, ಸೊಂಟ ಮುರಿದ ವೃದ್ಧೆಯನ್ನು ಮೇಜಿನ ಮೇಲೆ ಮಲಗಿಸುವುದಕ್ಕೇ ಬಹಳ ಹೊತ್ತು ಹಿಡಿಯುವುದು. ಯಂತ್ರವು ಬರಿದೇ ನಿಂತ ಕಾಲವನ್ನು ಕೂಡಿಟ್ಟು, ಜನಸಂದಣಿಯ ವೇಳೆಯಲ್ಲಿ ಬಳಸಲು ಬಾರದು.

ಇಂತಹ ಸಾಲುಗಳ ಗಣಿತಕ್ಕೆ ತಳಹದಿ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಸಂಸ್ಥೆಯಲ್ಲಿದ್ದ ಈತನು 1909ರಲ್ಲಿ ಈ ವಿಷಯದ ಮೊದಲ ಲೇಖನವನ್ನು ಪ್ರಕಟಿಸಿದನು. ಬರುವಿಕೆಯೂ ಪರೀಕ್ಷೆಯ ಅವಧಿಯೂ ಯಾದೃಚ್ಛಿಕವಾಗಿದ್ದಾಗ ಅನ್ವಯಿಸುವ ಸೂತ್ರವೊಂದು ಬಹು ಸರಳವಾಗಿದೆ: ಯಂತ್ರವು ದುಡಿಯುವ ಕಾಲದ ಅಂಶವನ್ನು ಬಿಡುವಿನ ಅಂಶದಿಂದ ಭಾಗಿಸಿ, ಒಬ್ಬನಿಗೆ ತಗಲುವ ಸರಾಸರಿ ಕಾಲದಿಂದ ಗುಣಿಸಿದರೆ, ಕಾಯಬೇಕಾದ ಸರಾಸರಿ ಕಾಲ ದೊರೆಯುತ್ತದೆ.

ನಮ್ಮ ಯಂತ್ರಕ್ಕೆ ಒಬ್ಬನಿಗೆ 6 ನಿಮಿಷ ಬೇಕು. ಗಂಟೆಗೆ ಐವರು ಬಂದರೆ ಕಾಯುವ ಕಾಲ 6 ನಿಮಿಷ. ಎಂಟು ಮಂದಿ ಬಂದರೆ 24 ನಿಮಿಷ. ಒಂಬತ್ತಾದರೆ 54 ನಿಮಿಷ! ಹತ್ತಾದರಂತೂ ಸಾಲಿಗೆ ಮೇರೆಯೇ ಇಲ್ಲ. ಯಂತ್ರವನ್ನು ಕ್ಷಣವೂ ಬಿಡುವಿಲ್ಲದೆ ದುಡಿಸುವುದೇ ದಕ್ಷತೆಯೆಂಬ ಅಧಿಕಾರಿಗಳು ಈ ಅಂಕೆಗಳನ್ನು ಗಮನಿಸತಕ್ಕದ್ದು.

ಹಾಗಾದರೆ ಮತ್ತೊಂದು ಯಂತ್ರ ಕೊಳ್ಳಬೇಕೆ? ಮೊದಲು ಆ 6 ನಿಮಿಷಗಳು ಎಲ್ಲಿ ಕಳೆಯುತ್ತವೆಂದು ನೋಡೋಣ. ಕಿರಣಗಳು ಹಾಯುವುದು ಸೆಕೆಂಡಿನ ಅಲ್ಪಭಾಗ ಮಾತ್ರ. ಉಳಿದುದೆಲ್ಲ ಹೆಸರು ವಿಚಾರಿಸುವುದು, ಆಭರಣ ಕಳಚುವುದು, ಬಟ್ಟೆ ಬದಲಿಸುವುದು, ಸರಿಯಾಗಿ ನಿಲ್ಲಿಸುವುದು. ಇವುಗಳಲ್ಲಿ ಮೊದಲ ಮೂರನ್ನು, ಹಿಂದಿನವನ ಚಿತ್ರ ತೆಗೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಮುಗಿಸಬಹುದು. ಇದರಿಂದ ಒಂದೇ ನಿಮಿಷ ಉಳಿಯಿತೆನ್ನೋಣ. ಗಂಟೆಗೆ ಹನ್ನೆರಡು ಮಂದಿಗೆ ಅವಕಾಶವಾಯಿತು. ಒಂಬತ್ತು ಮಂದಿ ಬಂದಾಗ ದುಡಿಮೆಯ ಅಂಶ ಮುಕ್ಕಾಲು, ಬಿಡುವು ಕಾಲು. ಕಾಯುವ ಕಾಲ 15 ನಿಮಿಷಕ್ಕಿಳಿಯುವುದು.

ವೇಳೆ ಗೊತ್ತುಪಡಿಸುವುದು ಇನ್ನೊಂದು ಉಪಾಯ. ಇಂಗ್ಲೆಂಡಿನ ನಾರ್ಮನ್ ಬೇಯ್ಲಿ 1952ರಲ್ಲಿ ಹೊರರೋಗಿ ವಿಭಾಗಗಳನ್ನು ಕುರಿತು, ಆರಂಭಕ್ಕೆ ಇಬ್ಬರನ್ನು ಕರೆದು, ಅನಂತರ ಸರಾಸರಿ ಅವಧಿಗೊಬ್ಬರಂತೆ ಕರೆಯಬಹುದೆಂದು ಸೂಚಿಸಿದನು.

ಪಾರ್ಶ್ವವಾಯು ಮಾತ್ರ ವೇಳೆ ಗೊತ್ತುಮಾಡಿಕೊಂಡು ಬರುವುದಿಲ್ಲ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸ್ರಾವವಾಗಿದೆಯೋ ಎಂದು ಸಿ. ಟಿ. ಚಿತ್ರದಿಂದ ತಿಳಿಯದೆ ಹೆಪ್ಪು ಕರಗಿಸುವ ಮದ್ದು ಕೊಡಲಾಗದು. ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುವುವೆಂದು 2006ರ ಅಂದಾಜೊಂದು ಹೇಳುತ್ತದೆ. ಒಬ್ಬೊಬ್ಬರಿಗೆ 5 ನಿಮಿಷ ಹಿಡಿಯುವಲ್ಲಿ ಇಂತಹ ರೋಗಿಯನ್ನು ಮೂವರಿಗಿಂತ ಮುಂದೆ ಬಿಟ್ಟರೆ, ಆ ಮೂವರೂ ತಲಾ 5 ನಿಮಿಷ ಹೆಚ್ಚು ಕಾಯುವರು. ಅವನಿಗೆ ಉಳಿಯುವುದು 15 ನಿಮಿಷ, ಎಂದರೆ 2 ಕೋಟಿ 85 ಲಕ್ಷ ನರಕೋಶಗಳು.