ಮಡಿಚುವ ತೆರೆಯ ಮೇಲಿನ ಗಿಡುಗ: ಒಂದು ಚಿತ್ರಕಲಾ ಪಾಠ

ತರಗತಿ: ಎಂಟು. ಅವಧಿ: 40 ನಿಮಿಷ.

ಶಿಕ್ಷಕರು ಕರಿಹಲಗೆಯ ಮೇಲೆ ಒಂದು ಹಕ್ಕಿ ಬಿಡಿಸಿದರೆ ಮಕ್ಕಳ ಹಾಳೆಗಳಲ್ಲೆಲ್ಲ ಅದೇ ಹಕ್ಕಿ ಮೂಡುತ್ತದೆ. ಮಟನ್ ಅಂಗಡಿಯ ಮೇಲೆ ಸುತ್ತುವ ಹದ್ದನ್ನು ಹುಲಸೂರಿನ ಮಗು ದಿನಾ ನೋಡುತ್ತದೆ. ಆ ನೋಟ ಮಾತ್ರ ಹಾಳೆಗೆ ಇಳಿಯುವುದಿಲ್ಲ. ಆದ್ದರಿಂದ ಈ ಪಾಠದಲ್ಲಿ ಕರಿಹಲಗೆಯ ಮೇಲೆ ಹಕ್ಕಿ ಬಿಡಿಸಬಾರದು.

ಹಿಂದಿನ ದಿನವೇ ಮನೆಗೆಲಸ ಕೊಡಿ: ಹಾರುವ ಹದ್ದಿನ ಬಾಲ ನೋಡಿ ಬನ್ನಿ. ಹದ್ದಿನ ಬಾಲ ಕವಲಾಗಿರುತ್ತದೆ, ಗರುಡನದು ದುಂಡಗೆ. ಇದನ್ನು ನೀವು ಹೇಳಬೇಡಿ, ಅವರೇ ಹೇಳಲಿ.

ಪಾಠೋಪಕರಣ ಜಪಾನಿನ ‘ಬ್ಯೋಬು’ ಚಿತ್ರದ ಒಂದು ಮುದ್ರಿತ ಪ್ರತಿ. ಬ್ಯೋಬು ಎಂದರೆ ಗಾಳಿತಡೆ. ಮರದ ಚೌಕಟ್ಟಿಗೆ ಕಾಗದ ಹಚ್ಚಿದ ಪಟ್ಟಿಗಳನ್ನು ಜೋಡಿಸಿದ, ಅಂಕುಡೊಂಕಾಗಿ ನಿಲ್ಲುವ ತೆರೆ ಅದು. ಆರು ಪಟ್ಟಿಯ ಎರಡು ತೆರೆ ಸೇರಿ ಒಂದು ಜೋಡಿ. ಓದುವುದು ಬಲದಿಂದ ಎಡಕ್ಕೆ (ಉರ್ದು ಬಲ್ಲ ಮಕ್ಕಳಿಗೆ ಇದು ಸಲೀಸು). 17ನೆಯ ಶತಮಾನದ ಸೊಗಾ ನಿಚೋಕುಆನ್ ಗಿಡುಗದ ಚಿತ್ರಗಳಿಗೇ ಹೆಸರಾದವನು. ಇಂಥ ತೆರೆಗಳಲ್ಲಿ ಪಟ್ಟಿಗೊಂದು ಗಿಡುಗ: ಒಂದು ಹಿಂದೆ ತಿರುಗಿ ನೋಡುತ್ತದೆ, ಒಂದು ಗರಿ ಕೆದರುತ್ತದೆ, ಇನ್ನೊಂದು ಹಾರಲು ಬಾಗಿದೆ. ಎಲ್ಲದರ ಕಾಲಿಗೂ ದಾರ.

ದಾರ ಏಕೆ ಎಂದು ಕೇಳಿ, ಸುಮ್ಮನಿರಿ. ಪ್ರಶಿಕ್ಷಣಾರ್ಥಿಗಳಿಗೆ ಕಷ್ಟವಾಗುವುದು ಈ ಸುಮ್ಮನಿರುವುದೇ. ‘ಯಾರೋ ಸಾಕಿದ್ದಾರೆ ಸರ್’ ಎಂಬ ಉತ್ತರ ಬಂದೇ ಬರುತ್ತದೆ. ಅದು ಸರಿ, ಅವು ಒಡೆಯರ ಬೇಟೆಯ ಗಿಡುಗಗಳು. ಆಗ ಊರಿನ ಕಡೆಗೆ ತಿರುಗಿ: ಪಕ್ಕದ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗದ ಬೇಟೆಯೂ ಇದೆ, ಚಿತ್ರ ಬರೆಯುವ ಬಗೆಯೂ ಇದೆ. ಇಸವಿ ಬಾಯಿಪಾಠ ಮಾಡಿಸುವುದು ಬೇಡ. ಈಗ ಗಿಡುಗ ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಎಂಬುದನ್ನು ಮಾತ್ರ ಬಿಡದೆ ಹೇಳಿ. ಮರಿ ಹಿಡಿದು ತರುವ ಹುಡುಗರು ತರಗತಿಯಲ್ಲಿ ಇರಬಹುದು.

ಉಳಿದ 20 ನಿಮಿಷ ಮಕ್ಕಳದು. ಡ್ರಾಯಿಂಗ್ ಹಾಳೆಯನ್ನು ನಾಲ್ಕಾಗಿ, ಒಮ್ಮೆ ಒಳಗೆ ಒಮ್ಮೆ ಹೊರಗೆ ಮಡಿಚಿ ನಿಲ್ಲಿಸಲಿ. ಪಟ್ಟಿಗೊಂದರಂತೆ ಒಂದೇ ಹಕ್ಕಿಯ ನಾಲ್ಕು ಭಂಗಿ. ರಬ್ಬರ್ ಬೇಡ. ರೆಕ್ಕೆ ಮಡಿಕೆ ದಾಟಿದರೆ ಏನಾಗುತ್ತದೆ ಎಂದು ಹಾಳೆಯನ್ನು ಬದಿಯಿಂದ ನೋಡಲಿ.

ಮೌಲ್ಯಮಾಪನದಲ್ಲಿ ಅಂದಕ್ಕೆ ಅಂಕ ಬೇಡ. ಪ್ರತಿ ಮಗುವಿಗೆ ಒಂದೇ ಪ್ರಶ್ನೆ: ‘ನಿನ್ನ ಹಕ್ಕಿಯನ್ನು ಎಲ್ಲಿ ನೋಡಿದೆ?’ ಉತ್ತರವನ್ನು ಹಾಳೆಯ ಹಿಂದೆ ಅವರ ಮಾತಿನಲ್ಲೇ ಬರೆಸಿ.