ನಿಂತಲ್ಲೇ ನಡುಗುವ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಆಡಿಕೊಂಡು ಬಂದ ಮನೆಗಳಲ್ಲಿ ನಮ್ಮದೂ ಒಂದು. ಹೊಟ್ಟೆಪಾಡು ಪಿಕಪ್ ಗಾಡಿಯದು. ದ್ರಾಕ್ಷಿ, ಬಾಳೆಗೊನೆ, ತರಕಾರಿ ಹೇರಿಕೊಂಡು ತೇನಿ, ವತ್ತಲಗುಂಡು ಮೇಲೆ ದಿಂಡಿಗಲ್‌ಗೆ ಹೋಗುತ್ತೇನೆ. ಬಾಡಿಗೆ ಸಿಕ್ಕರೆ ಲೋವರ್ ಕ್ಯಾಂಪಿನಿಂದ ಘಾಟಿ ಹತ್ತಿ ಕೇರಳದ ಕುಮಿಳಿಗೆ. ಕೆಳಗಿನ ಪಾಠಗಳಿಗೆಲ್ಲ ಫೀಸು ಕಟ್ಟಿದ್ದೇನೆ, ಕೆಲವಕ್ಕೆ ಎರಡೆರಡು ಸಲ.

1. ಐಡ್ಲಿಂಗ್ ಸ್ಕ್ರೂ ತಿರುಗಿಸಿದರೆ ರಿಪೇರಿ ಆದಂತಲ್ಲ.

ನನ್ನ ಮೊದಲ ಗಾಡಿ ಹಳೇ ಮೆಕ್ಯಾನಿಕಲ್ ಪಂಪಿನದು. ತೋಟದಲ್ಲಿ ಲೋಡ್ ಮಾಡುವಾಗ ಎಂಜಿನ್ ಆನ್ ಇಟ್ಟರೆ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಬಾಡಿ ಪೂರ್ತಿ ಗಡಗಡ ನಡುಗುತ್ತಿತ್ತು. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದು ಹೆಸರೇನೋ ದೊಡ್ಡದಾಯಿತು, ಆದರೆ ಅಂಥ ನಡುಕವನ್ನು ಯಾವ ಗೊಂಚಲೂ ತಡೆಯದು. "ಹಣ್ಣು ಉದುರುತ್ತೆ, ಆಫ್ ಮಾಡಪ್ಪಾ" ಎಂದು ತೋಟದವರು ಕೂಗುತ್ತಿದ್ದರು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ಲವೋ ಎಂಬ ಭಯ ನನಗೆ. ಸ್ಕ್ರೂಡ್ರೈವರ್ ತಗೊಂಡು ಐಡ್ಲಿಂಗ್ ಏರಿಸಿಬಿಟ್ಟೆ. ನಡುಕ ನಿಂತಿತು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ರೋಗ ಒಳಗೆ ಹಾಗೇ ಇತ್ತು, ಗಾಡಿ ಡೀಸೆಲ್ ಮಾತ್ರ ಹೆಚ್ಚು ಕುಡಿಯತೊಡಗಿತು. ಒಂದು ರಾತ್ರಿ ಕುಮಿಳಿ ಘಾಟಿಯ ತಿರುವಿನಲ್ಲಿ ಲೋಡ್ ಸಮೇತ ಉಸಿರು ಕಟ್ಟಿ ನಿಂತಿತು. ರೋಗ ಡೀಸೆಲಿಗೆ ಸೇರುತ್ತಿದ್ದ ಗಾಳಿಯದು ಎಂದು ಆಮೇಲೆ ತಿಳಿಯಿತು. ಎಂಜಿನ್ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಅದಕ್ಕೆ ಬೇಕಾದ ಡೀಸೆಲ್ ತೀರಾ ಕಡಿಮೆ. ಅಷ್ಟರಲ್ಲಿ ಒಂದು ಗಾಳಿಗುಳ್ಳೆ ಸೇರಿದರೂ ಲೆಕ್ಕ ತಪ್ಪುತ್ತದೆ; ವೇಗದಲ್ಲಿ ಅದೇ ಗುಳ್ಳೆ ಗೊತ್ತೇ ಆಗುವುದಿಲ್ಲ.

2. ಡೀಸೆಲ್ ಸೋರದ ಜಾಗದಲ್ಲೂ ಗಾಳಿ ನುಗ್ಗುತ್ತದೆ.

ಇದು ತಲೆಗೆ ಹತ್ತಲು ತುಂಬ ಕಾಲ ಹಿಡಿಯಿತು. ಸೋರಿಕೆ ಎಂದರೆ ಒದ್ದೆ ಇರಲೇಬೇಕು ಎಂದುಕೊಂಡು ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ಹುಡುಕುತ್ತಿದ್ದೆ. ಪೈಪೆಲ್ಲ ಒಣಗಿಕೊಂಡೇ ಇರುತ್ತಿತ್ತು. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲನ್ನು ಪಂಪೇ ಎಳೆದುಕೊಳ್ಳುತ್ತದೆ. ಆ ದಾರಿಯಲ್ಲಿ ಸಣ್ಣ ಸೀಳಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೇನಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಪಂಪಿಗೆ ಮುಂಚೆ ಗೇಣುದ್ದದ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, "ನೋಡು ತಂಬಿ" ಎಂದರು. ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅವು ಗುಂಪುಗಟ್ಟಿ ಹಾದ ಹೊತ್ತಿಗೆ ಸರಿಯಾಗಿ ಎಂಜಿನ್ ಸದ್ದು ಕುಸಿಯುತ್ತಿತ್ತು. ಟ್ಯೂಬನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ಸರಿಸುತ್ತ ಹೋದರು. ಫಿಲ್ಟರ್ ದಾಟಿದ ಮೇಲೆ ಗುಳ್ಳೆ ನಿಂತಿತು. ಕಳ್ಳ ಸಿಕ್ಕಿದ್ದು ಫಿಲ್ಟರಿನ ತಲೆಯ ಮೇಲಿನ ಬೋಲ್ಟಿನಲ್ಲಿ: ಚಿಲ್ಲರೆ ಕಾಸಿನ ತಾಮ್ರದ ವಾಷರ್. ಫಿಲ್ಟರ್ ಬದಲಿಸುವಾಗ ಹಳೇ ವಾಷರನ್ನೇ ಒರೆಸಿ ಹಾಕಿದ್ದವನು ನಾನೇ.

3. ಟ್ಯಾಂಕಿನ ಮುಚ್ಚಳ ಬಿಚ್ಚಿ ಕಿವಿಗೊಡಿ.

ಸ್ವಲ್ಪ ದೂರ ಓಡಿ ಎಂಜಿನ್ ಕುಸಿಯುತ್ತದೆ, ನಿಲ್ಲಿಸಿ ಟೀ ಕುಡಿದು ಬಂದರೆ ಸರಿಹೋಗಿರುತ್ತದೆ ಎಂದಾದರೆ ಮೊದಲು ಮುಚ್ಚಳ ಬಿಚ್ಚಿ. ಸುಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದೆ. ಇದು ಗೊತ್ತಾಗುವ ಮೊದಲು ನಾನು ಬದಲಿಸಿದ ಬಿಡಿಭಾಗಗಳ ಪಟ್ಟಿ ಮನೆಯವಳಿಗೆ ಇನ್ನೂ ಪೂರ್ತಿ ಗೊತ್ತಿಲ್ಲ.

4. ಬಂಕಿನಲ್ಲಿ ಜಗಳಕ್ಕೆ ನಿಲ್ಲುವ ಮೊದಲು ಬಾಟಲಿ ಹಿಡಿಯಿರಿ.

ಎಂಜಿನ್ ಮಿಸ್ ಹೊಡೆದರೆ ನಮ್ಮ ಡ್ರೈವರ್‌ಗಳ ಬಾಯಲ್ಲಿ ಮೊದಲು ಬರುವುದು "ಡೀಸೆಲ್ ಕಲಬೆರಕೆ". ನಾನೂ ಒಂದು ಬಂಕಿನಲ್ಲಿ ಜನ ಸೇರುವಷ್ಟು ಕೂಗಾಡಿದ್ದೇನೆ. ಆಮೇಲೆ ಫಿಲ್ಟರಿನ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಇಳಿಸಿ ನೋಡಿದೆ. ತಳದಲ್ಲಿ ನೀರು ಬೇರೆಯಾಗಿ ನಿಂತಿತು, ಅದರಲ್ಲಿ ಕಂದು ತುಕ್ಕಿನ ಚೂರು. ತುಕ್ಕು ನನ್ನ ಟ್ಯಾಂಕಿನದೇ. ಟ್ಯಾಂಕಿನ ನೆತ್ತಿಯ ಮೇಲೆ ಫ್ಲೋಟ್ ಕೂರುವ ಕಡೆ ರಬ್ಬರ್ ಗ್ಯಾಸ್ಕೆಟ್ ಸೀಳಿತ್ತು. ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ನೀರು ಒಳಗಿಳಿದಿತ್ತು. ಕೇರಳದಲ್ಲಿ ಡೀಸೆಲ್ ದುಬಾರಿ, ಘಾಟಿ ಇಳಿದ ಮೇಲೆ ತುಂಬಿಸಿದರಾಯಿತು ಎಂದು ಕುಮಿಳಿಯ ಮಂಜಿನಲ್ಲಿ ಕಾಲು ಟ್ಯಾಂಕಿನೊಂದಿಗೆ ರಾತ್ರಿ ಕಳೆಯುವ ಜಿಪುಣತನ ಬೇರೆ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ತಣಿದು ಟ್ಯಾಂಕಿನ ಒಳಗೋಡೆಗೆ ಹನಿಗಟ್ಟುತ್ತದೆ.

ನಿಜಕ್ಕೂ ಅನುಮಾನವಿದ್ದರೆ ಸಾಂದ್ರತೆ ತೋರಿಸಿ ಎಂದು ಕೇಳಿ. ಹೈಡ್ರೋಮೀಟರ್, ಥರ್ಮಾಮೀಟರ್ ಬಂಕಿನಲ್ಲೇ ಇರುತ್ತವೆ. ಬಂದ ಅಂಕಿಯನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿ ಬಂಕಿನ ದಾಖಲೆಯೊಂದಿಗೆ ಹೋಲಿಸುತ್ತಾರೆ. ಘನಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಪ್ರಶ್ನಿಸಬಹುದು. ನೀರಿನ ಅನುಮಾನವಾದರೆ ಡಿಪ್ ರಾಡಿಗೆ ಪೇಸ್ಟ್ ಹಚ್ಚಿ ನೆಲದ ಟ್ಯಾಂಕಿಗೆ ಇಳಿಸುತ್ತಾರೆ, ನೀರು ತಾಗಿದಷ್ಟು ಭಾಗದ ಬಣ್ಣ ಬದಲಾಗುತ್ತದೆ. ಮರ್ಯಾದೆಯಿಂದ ಕೇಳಿದಾಗ ನನಗೆ ಇಲ್ಲ ಎಂದವರು ಕಡಿಮೆ.

5. ಬಿಲ್ಲಿಲ್ಲದ ಕ್ಯಾನಿಗೆ ಕೈ ಹಾಕಬೇಡಿ.

ರಸ್ತೆ ಬದಿಯ ಅಗ್ಗದ ಡೀಸೆಲ್, "ಬಯೋಡೀಸೆಲ್" ಹೆಸರಿನ ಎಂಥದೋ ಎಣ್ಣೆ, ಸೀಮೆಎಣ್ಣೆ ಬೆರೆಸಿದ್ದು, ಇವನ್ನೆಲ್ಲ ಹಳೇ ಎಂಜಿನ್ ಹೊಗೆ ಉಗುಳಿಕೊಂಡು ಸಹಿಸುತ್ತಿತ್ತು. ಹೊಸ ಗಾಡಿಗಳ ಕಾಮನ್ ರೈಲ್ ಎಂಜಿನ್ ಸಹಿಸದು. ಅದರ ಹೈ ಪ್ರೆಷರ್ ಪಂಪಿಗೆ ಬೇರೆ ಜಿಡ್ಡಿಲ್ಲ, ಡೀಸೆಲ್ಲೇ ಜಿಡ್ಡು. ಒತ್ತಡವೋ ಸಾವಿರ ಬಾರ್ ದಾಟುತ್ತದೆ. ಸೀಮೆಎಣ್ಣೆ ಸೇರಿದರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಉದುರಿ, ಆ ಪುಡಿ ರೈಲಿಗೂ ಇಂಜೆಕ್ಟರಿಗೂ ಹೋಗುತ್ತದೆ. ಆಮೇಲೆ ಪಂಪ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

6. ಹೊಸ ಗಾಡಿಗೆ ಹಳೇ ಕಿವಿ ಸಾಲದು.

2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂತು, ಡೀಸೆಲಿನ ಗಂಧಕ 50ರಿಂದ 10 ಪಿಪಿಎಂಗೆ ಇಳಿಯಿತು. ನನ್ನ ಈಗಿನ ಗಾಡಿ ಆಮೇಲಿನದು. ಒಮ್ಮೆ ನಿಂತಲ್ಲೇ ಐಡ್ಲಿಂಗ್ ತಾನಾಗಿ ಏರಿ, ಬಿಸಿ ಕಬ್ಬಿಣದ ವಾಸನೆ ಬಂತು. ಮತ್ತೆ ಗಾಳಿ ಹಿಡಿಯಿತು ಎಂದು ಹೆದರಿ ಆಫ್ ಮಾಡಿದೆ. ಹಾಗೆ ಮಾಡುತ್ತಲೇ ಹೋಗಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಂಡಿತು. ಗಾಡಿ ಪಾಪ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್‌ನಲ್ಲಿ ಕೂಡಿದ ಮಸಿ ಸುಡುತ್ತಿತ್ತು, ನಾನು ಪ್ರತಿಸಲ ಒಲೆಗೆ ನೀರು ಸುರಿಯುತ್ತಿದ್ದೆ. ಈಗ ಹಾಗಾದರೆ ದಿಂಡಿಗಲ್ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಮುಗಿಯುವವರೆಗೆ ನಿಲ್ಲಿಸುವುದಿಲ್ಲ.

ಈಚೆಗೆ ಬೆಳಗಿನ ಹೊತ್ತು ನಡುಕ ಶುರುವಾಯಿತು. ಸ್ಕ್ಯಾನರ್ ಏನೂ ಹೇಳಲಿಲ್ಲ. ಮೆಕ್ಯಾನಿಕ್ ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿ ಎಂಜಿನ್ ಓಡಿಸಿದರು. ಮೂರನೆಯದು ಮಿಕ್ಕವಕ್ಕಿಂತ ಬೇಗ ತುಂಬಿತು, ಅಂದರೆ ಡೀಸೆಲ್ ಹೆಚ್ಚು ಹಿಂದಕ್ಕೆ ಬಿಡುತ್ತಿದ್ದುದು ಆ ಇಂಜೆಕ್ಟರ್. ನಾಲ್ಕನ್ನೂ ಬದಲಿಸಿ ಎಂದರು ಒಬ್ಬರು, ಒಂದೇ ಸಾಕು ಎಂದರು ಇನ್ನೊಬ್ಬರು. ಸದ್ಯ ಮೂರನೆಯದನ್ನು ಬಿಚ್ಚಿಸಿ ಟೆಸ್ಟ್ ಬೆಂಚಿಗೆ ಕಳಿಸಿದ್ದೇನೆ.