ಪರಿಭಾಷೆಯ ಪುನರಾವರ್ತನೆ

ಎಂಟನೆಯ ತರಗತಿಗೆ ಹೊಸದಾಗಿ ಬಂದು ಸೇರುವ ವಿದ್ಯಾರ್ಥಿಗಳಿಗೆ ಮೊದಲ ಕೆಲವು ದಿನ ಹೊಸ ಪಾಠವನ್ನು ಆರಂಭಿಸದೆ, ಹಿಂದೆ ಕಲಿತ ವ್ಯಾಕರಣದ ಪರಿಭಾಷೆಯನ್ನೇ ಮತ್ತೆ ಕೇಳುವುದು ಕನ್ನಡ ಉಪಾಧ್ಯಾಯರ ವಾಡಿಕೆ. ವರ್ಣಮಾಲೆಯ ಅಕ್ಷರಗಳು 49, ಅವುಗಳಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ ಎಂಬಷ್ಟನ್ನು ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ತೊಡಕಿರುವುದು ಎಣಿಕೆಯಲ್ಲಲ್ಲ, ಹೆಸರುಗಳಲ್ಲಿ.

ಲಿಂಗವೆಂದರೇನು ಎಂದು ಮಠದ ಶಾಲೆಯಲ್ಲಿ ಕೇಳಿದರೆ ಪ್ರಸಾದನಿಲಯದ ವಿದ್ಯಾರ್ಥಿಯ ಕೈ ಮೊದಲು ಕೊರಳ ಕರಡಿಗೆಯ ಕಡೆಗೆ ಹೋಗುತ್ತದೆ. ಅದು ತಪ್ಪೆಂದು ಗದರಿಸಿ, ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಹಲಗೆಯ ಮೇಲೆ ಬರೆದುಬಿಡುವುದು ಸುಲಭ. ಆದರೆ ಮನೆತನದಲ್ಲಿಯೇ ಮೊದಲ ಬಾರಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಹುಡುಗನು, ತಾನು ಚೆನ್ನಾಗಿ ಬಲ್ಲ ಮಾತೇ ತಪ್ಪಾಯಿತೆಂದು ತಿಳಿದ ಮೇಲೆ ಆ ವರ್ಷವೆಲ್ಲ ಕೈಯೆತ್ತದೆ ಉಳಿಯಬಹುದು. ವಾಸ್ತವವಾಗಿ ಅವನ ಉತ್ತರ ತಪ್ಪಲ್ಲ. ಲಿಂಗವೆಂಬ ಮಾತಿಗೆ ಕುರುಹು ಎಂದರ್ಥ. ಶರಣರು ಇಷ್ಟಲಿಂಗವನ್ನು ಕುರುಹೆಂದರು. ವೈಯಾಕರಣರು ಹೆಣ್ಣುಗಂಡೆಂಬ ಭೇದದ ಕುರುಹನ್ನು ಲಿಂಗವೆಂದರು. ಇಷ್ಟನ್ನು ಹೇಳಿ ಮುಂದುವರಿದರೆ ಕನ್ನಡದ ಒಂದು ವಿಶೇಷವನ್ನೂ ತೋರಿಸಬಹುದು. ಸಂಸ್ಕೃತದಲ್ಲಿ ಹೆಂಡತಿಯೆಂಬ ಅರ್ಥದ 'ದಾರ' ಶಬ್ದ ಪುಲ್ಲಿಂಗ, 'ಕಲತ್ರ' ನಪುಂಸಕ. ಕನ್ನಡದಲ್ಲಿ ಹೆಂಡತಿ ಎಂದಿಗೂ ಸ್ತ್ರೀಲಿಂಗವೇ, ಏಕೆಂದರೆ ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ.

ವಚನದ ಸಂಗತಿಯೂ ಇಂಥದೇ. ಬಸವಣ್ಣನವರ ವಚನಗಳನ್ನು ಬಾಲ್ಯದಿಂದ ಹಾಡಿದ ಮಗುವಿಗೆ ಏಕವಚನ, ಬಹುವಚನಗಳೆಂದರೆ ಒಂದು ವಚನ, ಹಲವು ವಚನ ಎಂದು ತೋರಿದರೆ ಆಶ್ಚರ್ಯವಿಲ್ಲ. ವಚನವೆಂದರೆ ಹೇಳುವಿಕೆ, ಒಂದನ್ನು ಹೇಳಿದರೆ ಏಕವಚನ. 'ಗುರುಗಳು ಬಂದರು' ಎಂಬಲ್ಲಿ ಬಂದವರು ಒಬ್ಬರೇ ಆದರೂ ಮಾತು ಬಹುವಚನದಲ್ಲಿರುವುದು ಗೌರವಾರ್ಥವಾಗಿ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಪ್ರಕೃತಿಯೆಂದರೆ ಗುಡ್ಡಬೆಟ್ಟವಲ್ಲ, ಪ್ರತ್ಯಯ ಸೇರುವ ಮೊದಲಿನ ಮೂಲರೂಪ ಎಂಬುದಕ್ಕೆ ಒಂದೆರಡು ಉದಾಹರಣೆ ಸಾಕು.

ಪಂಚಮಿ ವಿಭಕ್ತಿಗೆ ಮಾತ್ರ ಪುಸ್ತಕದ ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. 'ಮರದ ದೆಸೆಯಿಂದ ಎಲೆ ಬಿತ್ತು' ಎಂದು ಯಾವ ಊರಿನಲ್ಲಿಯೂ ಯಾರೂ ನುಡಿಯುವುದಿಲ್ಲ. 'ಮರದಿಂದ' ಎನ್ನುತ್ತಾರೆ, ಅದು ತೃತೀಯೆಯ ರೂಪ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದುದರ ಗುರುತು ಇದು. ಪರೀಕ್ಷೆಗಾಗಿ 'ದೆಸೆಯಿಂದ' ಬರೆಯಲಿ, ಆದರೆ ತಾನಾಡುವ ನುಡಿ ಅಶುದ್ಧವೆಂದು ಮಗು ಭಾವಿಸಬಾರದು.

ಸಂಧಿಯ ಪುನರಾವರ್ತನೆಗೆ ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. (ಕುಮಾರವ್ಯಾಸನು ತನ್ನ ಪರ್ವಗಳ ವಿಭಾಗಗಳನ್ನೂ ಸಂಧಿಯೆಂದೇ ಕರೆದನೆಂಬುದನ್ನು ಇಲ್ಲಿ ನೆನಪಿಸಬೇಕು.) ಹೆಸರು ಕೂಗುವಾಗಲೇ ಬಿಡಿಸುತ್ತ ಹೋಗಬಹುದು. ಮಲ್ಲಿಕಾರ್ಜುನನು ಮಲ್ಲಿಕಾ ಮತ್ತು ಅರ್ಜುನ ಸೇರಿದ ಸವರ್ಣದೀರ್ಘ, ಮಹೇಶ, ಸಂಗಮೇಶರು ಗುಣಸಂಧಿ, ಚೆನ್ನಮ್ಮ ಲೋಪಸಂಧಿ. ಎಲ್ಲಕ್ಕಿಂತ ರಸವತ್ತಾದುದು ಬಸವ ಎಂಬ ಒಂದೇ ಹೆಸರು. ಕನ್ನಡದ 'ಅಣ್ಣ' ಬಂದು ಕೂಡಿದರೆ ಒಂದು ಅಕಾರ ಲೋಪವಾಗಿ ಬಸವಣ್ಣ. ಸಂಸ್ಕೃತದ 'ಈಶ್ವರ' ಬಂದು ಕೂಡಿದರೆ ಅಕಾರ ಈಕಾರಗಳೆರಡೂ ಹೋಗಿ ಏಕಾರ ಬಂದು ಬಸವೇಶ್ವರ. ಬಸವವೆಂಬುದೇ ವೃಷಭದ ತದ್ಭವವೆಂದು ತಿಳಿಸಿದರೆ ತದ್ಭವದ ಪಾಠವೂ ಅಲ್ಲಿಯೇ ಮುಗಿಯುತ್ತದೆ. ಲಕ್ಷಣವನ್ನು ಮೊದಲು ಬಾಯಿಪಾಠ ಮಾಡಿಸಿ ಆಮೇಲೆ ಉದಾಹರಣೆ ಕೊಡುವ ಕ್ರಮದಲ್ಲಿ ಇಷ್ಟು ಸಲೀಸು ಬರುವುದಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನ ಬಸವರಾಜನು ತನ್ನ ಹೆಸರಿನಲ್ಲಿ ಯಾವ ಸಂಧಿಯೆಂದು ಕೇಳದೆ ಇರುವುದಿಲ್ಲ. ಅಲ್ಲಿ ಅಕ್ಷರ ಹೋಗಿಲ್ಲ, ಬಂದಿಲ್ಲ, ಬದಲಾಗಿಲ್ಲ. ಎರಡು ಪದಗಳು ಹಾಗೆಯೇ ಕೂಡಿ ಒಂದಾಗಿವೆ. ಮರುದಿನದ ಸಮಾಸದ ಪಾಠವನ್ನು ಅವನ ಹೆಸರಿನಿಂದಲೇ ಆರಂಭಿಸಬಹುದು.